ಹಸಿರು ದೀಪ ಹತ್ತುವ ಮುನ್ನ

ನನ್ನ ಕೆಲಸ ಜನರ ಹಣೆಗೆ ಪಟ್ಟಿ ಕಟ್ಟುವುದು. ಕೇಳಿದವರು ನಗುತ್ತಾರೆ, ನಗಲಿ. ಧಾರವಾಡದ ಕಾರಣಶೋಧ ಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಎಷ್ಟು ದೊಡ್ಡ ದೊಡ್ಡ ತಲೆಗಳು ನನ್ನ ಕೈಗೆ ಬಗ್ಗಿವೆಯೆಂದರೆ, ತಲೆ ಎಂದರೆ ನನಗೆ ಈಗ ವಿಶೇಷ ಗೌರವವೇನೂ ಉಳಿದಿಲ್ಲ.

ಪಟ್ಟಿ ಎಂದರೆ ಎರಡು ಬೆರಳು ಅಗಲದ ಬಟ್ಟೆ, ಒಳಗೆ ಏಳು ಲೋಹದ ಬಿಲ್ಲೆಗಳು. ಮನುಷ್ಯನಿಗೆ ಒಂದು ವಿಷಯ 'ತಿಳಿಯಿತು' ಅನ್ನಿಸಿದ ಕ್ಷಣ ಮಿದುಳಿನಲ್ಲಿ ಒಂದು ಸಣ್ಣ ಅಲೆ ಏಳುತ್ತದೆಯಂತೆ. ಬಿಲ್ಲೆಗಳು ಅದನ್ನು ಹಿಡಿದು ಯಂತ್ರಕ್ಕೆ ಕಳಿಸುತ್ತವೆ. ಯಂತ್ರದ ಹೆಸರು ಅರುಹು. ಏನಾದರೊಂದು ಘಟನೆ ಹೇಳಿ ಯಾಕೆ ಎಂದು ಕೇಳಿದರೆ ಅದು ವಿವರಣೆ ಕೊಡುತ್ತದೆ. ಕೇಳುವವರ ತಲೆಯಲ್ಲಿ ಅಲೆ ಏಳದಿದ್ದರೆ ವಿವರಣೆಯನ್ನು ತಿದ್ದುತ್ತದೆ, ಮತ್ತೆ ತಿದ್ದುತ್ತದೆ. ಒಪ್ಪಿಗೆಯಾಗುವ ತನಕ ಕೆಂಪು ದೀಪ, ಮನಸ್ಸು ಓಲಾಡುವಾಗ ಹಳದಿ, ತಿಳಿಯಿತು ಅನ್ನಿಸಿದೊಡನೆ ಹಸಿರು.

ಸರ್ಕಾರ ನಮಗೆ ಘಟನೆಗಳನ್ನು ಕಳಿಸುತ್ತದೆ. ಸೇತುವೆ ಬಿತ್ತು, ಕೆರೆಯ ಮೀನು ಸತ್ತವು, ಒಂದು ಊರಿನವರು ಯಾರೂ ಮತ ಹಾಕಲಿಲ್ಲ, ಹೀಗೆ. ಐವರು ಪಂಡಿತರು ಕುಳಿತು ಕೇಳುತ್ತಾರೆ. ಐದು ದೀಪವೂ ಹಸಿರಾದರೆ ಕಡತ ಮುಚ್ಚಿತು, ಅದೇ ದಿನ ಆದೇಶ ಹೊರಟಿತು. ಈ ಐವರನ್ನು ಹಸಿರು ಮಾಡುವುದು ಹೇಗೆಂದು ಅರುಹಿಗಿಂತ ಮೊದಲೇ ನನಗೆ ಗೊತ್ತಾಗಿತ್ತು. ಭೌತವಿಜ್ಞಾನದವರಿಗೆ ಯಾವುದು ಯಾವುದನ್ನು ತಳ್ಳಿತು ಎಂದು ಹೇಳಬೇಕು. ಇತಿಹಾಸದವರಿಗೆ ಹಿಂದೊಮ್ಮೆ ಹೀಗೇ ಆಗಿತ್ತು ಎನ್ನಬೇಕು. ಸಮಾಜಶಾಸ್ತ್ರದ ಮೇಡಮ್ಮಿಗೆ ಯಾರು ಯಾರನ್ನು ತುಳಿದರು ಎಂಬುದು ಬೇಕು, ಮನಶ್ಶಾಸ್ತ್ರದವರಿಗೆ ಒಳಗೊಂದು ಭಯ ಬೇಕು. ವೈದ್ಯರಿಗೆ ಮಾತ್ರ ಏನೂ ಬೇಡ, ರೋಗಕ್ಕೊಂದು ಹೆಸರು ಸಿಕ್ಕರೆ ಮುಗಿಯಿತು.

ಹಸಿರಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ನಾನು ಒಂದು ವಹಿಯಲ್ಲಿ ಬರೆದಿಡುತ್ತೇನೆ. ಯಾರೂ ಹೇಳಿದ್ದಲ್ಲ, ನನ್ನ ಚಟ. ಮೊದಲ ವರ್ಷ ಒಂದು ಕಡತಕ್ಕೆ ಮೂರು ತಾಸು ಹಿಡಿಯುತ್ತಿತ್ತು, ಜಗಳವಾಗುತ್ತಿತ್ತು, ಒಮ್ಮೆ ಇತಿಹಾಸದವರು ಪಟ್ಟಿ ಕಿತ್ತೆಸೆದು ಎದ್ದು ಹೋಗಿದ್ದರು. ಈಗ ಹನ್ನೊಂದು ನಿಮಿಷ. ನಿರ್ದೇಶಕರು ಇದನ್ನು ಪ್ರಗತಿ ಎನ್ನುತ್ತಾರೆ. ನನಗೆ ಮಾತ್ರ ಆ ಅಂಕಿಯನ್ನು ನೋಡಿದಾಗಲೆಲ್ಲ ನಮ್ಮಪ್ಪ ನೆನಪಾಗುತ್ತಿದ್ದ. ಅವನು ಬಡಿಗ. ಎರಡು ಕಟ್ಟಿಗೆ ಜೋಡಿಸಿದ ಮೇಲೆ ಅದರ ಮೇಲೆ ಪೂರ್ತಿ ಭಾರ ಹಾಕಿ, ಅಡ್ಡಡ್ಡ ಅಲುಗಾಡಿಸಿ, ಮುರಿಯಲು ನೋಡುತ್ತಿದ್ದ. ಇಲ್ಲಿ ಯಾರೂ ಯಾವುದನ್ನೂ ಅಲುಗಾಡಿಸುತ್ತಿರಲಿಲ್ಲ.

ಮಾರ್ಗಶಿರದ ಚಳಿಯಲ್ಲಿ ಒಂದು ಶನಿವಾರ ಆ ಕಡತ ಬಂತು. ಊರಾಚೆಯ ಬಾಲಕಿಯರ ವಸತಿಶಾಲೆಯಲ್ಲಿ ಐದು ವಾರಗಳಿಂದ ಹುಡುಗಿಯರು ಮುಂಜಾನೆಯ ಪ್ರಾರ್ಥನೆಯ ಹೊತ್ತಿನಲ್ಲಿ ತಲೆ ಸುತ್ತಿ ಬೀಳುತ್ತಿದ್ದರು. ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಹೊರಗೆ ತಂದು ಮಲಗಿಸಿದರೆ ತಾಸಿನೊಳಗೆ ಎದ್ದು ಕೂಡುತ್ತಿದ್ದರು. ಬಿದ್ದವರ ಹೆಸರಿನ ಪಟ್ಟಿಯಲ್ಲಿ ಒಂಬತ್ತನೆಯದು ಇಂಚರಾ ಬಡಿಗೇರ, ವಯಸ್ಸು ಹದಿಮೂರು. ನನ್ನ ಮಗಳು. ಗಂಡ ಗದಗದ ಕಡೆ ಗಾಳಿಯಂತ್ರಗಳ ಕೆಲಸದಲ್ಲಿದ್ದಾನೆ, ನನಗೆ ಇಲ್ಲಿ ಹೊತ್ತುಗೊತ್ತಿಲ್ಲದ ಪಾಳಿ, ಹಾಗಾಗಿ ಅವಳು ಅಲ್ಲಿ.

ನಾನು ಐದು ಹಣೆಗಳಿಗೆ ಪಟ್ಟಿ ಕಟ್ಟಿದೆ.

ಅರುಹು ಶುರು ಮಾಡಿತು. ದಿನಾ ಮುಂಜಾನೆಯ ಬಿಸಿನೀರಿನ ಸ್ನಾನದಿಂದ ಹಿಗ್ಗಿದ ರಕ್ತನಾಳಗಳು, ತಣ್ಣನೆಯ ಸಭಾಂಗಣ, ನಿಂತೇ ಇದ್ದರೆ ರಕ್ತ ಕಾಲಿಗಿಳಿಯುತ್ತದೆ. ಭೌತವಿಜ್ಞಾನ ಹಸಿರು. ಆ ಎರಡು ದಿನ ದೇವಿಯ ವಾರ, ಅರ್ಧ ಹುಡುಗಿಯರು ಒಪ್ಪೊತ್ತಿನ ಉಪವಾಸ ಮಾಡುತ್ತಾರೆ, ಮೊದಲೇ ರಕ್ತಹೀನತೆ. ವೈದ್ಯ ಹಸಿರು. ಈ ಸೀಮೆಯ ಹೆಣ್ಣುಮಕ್ಕಳಿಗೆ ಅದೇ ವಾರಗಳಲ್ಲಿ ಮೈಮೇಲೆ ಬರುವ ರೂಢಿ ಹಳೆಯದು. ಇತಿಹಾಸ ಹಸಿರು. ಕಟ್ಟುನಿಟ್ಟಿನ ವಸತಿಶಾಲೆಯಲ್ಲಿ ಪ್ರತಿಭಟಿಸಲು ಹುಡುಗಿಯರಿಗೆ ದೇಹವೊಂದೇ ದಾರಿ. ಮೇಡಮ್ ಹಸಿರು. ಒಬ್ಬಳು ಬಿದ್ದದ್ದನ್ನು ಕಂಡು ಇನ್ನೊಬ್ಬಳಿಗೆ ಭಯ ಅಂಟುತ್ತದೆ, ನೋಡುವ ಮಂದಿ ಹೆಚ್ಚಾದಷ್ಟೂ ಬೀಳುವುದು ಹೆಚ್ಚು. ಕೊನೆಯ ದೀಪವೂ ಹಸಿರಾಯಿತು. ಎಂಟು ನಿಮಿಷ.

ಆದೇಶ ಮಧ್ಯಾಹ್ನವೇ ಹೋಯಿತು. ಸಾಮೂಹಿಕ ಉನ್ಮಾದ. ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗಿನವರು ಇಣುಕದಂತೆ ಸಭಾಂಗಣದ ಕಿಟಕಿಗಳನ್ನು ಮುಚ್ಚತಕ್ಕದ್ದು. ಬಿದ್ದವರಿಗೆ ವಿಶೇಷ ಗಮನ ಕೊಡತಕ್ಕದ್ದಲ್ಲ.

ಭಾನುವಾರ ಇಂಚರಾ ಮನೆಗೆ ಬಂದಳು. ಬಂದವಳೇ ಚೀಲ ಎಸೆದು, "ಅವ್ವಾ, ನಾ ನಾಟಕ ಮಾಡಾಕತ್ತೀನೇನ?" ಎಂದಳು.

"ಯಾರಂದ್ರು ಹಂಗ?"

"ಸಾಲಿ ಅಕ್ಕೋರು. ನಿಮ್ಮ ಕೇಂದ್ರದಿಂದ ಕಾಗದ ಬಂದದಂತ. ತಲಿ ಸಿಡೀತದವ್ವಾ, ಕಣ್ಣ ಮುಂದ ಎಲ್ಲಾ ಮಸಕಾಗ್ತದ, ಆಮ್ಯಾಲ ಕಾಲಾಗ ಜೀವಾನ ಇರಂಗಿಲ್ಲ. ಇದು ನಾಟಕೇನು?"

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಆ ಐದು ಹಸಿರು ದೀಪಗಳ ಹೊತ್ತನ್ನು ನನ್ನ ಕೈಯಾರೆ ಬರೆದಿಟ್ಟು ಬಂದಿದ್ದೆ.

"ಹೆದರಿಕಿ ಆಗಿತ್ತೇನ ನಿನಗ?" ಎಂದೆ.

"ಎದರ ಹೆದರಿಕಿ? ನಾನೂ ಶಿವಲೀಲಾನೂ ಬೆಚ್ಚಗಿನ ಮೂಲ್ಯಾಗ ಕುಂತು ನಗಾಕತ್ತಿದ್ವಿ. ಅಲ್ಲಿ ನೆಲ ಬೆಚ್ಚಗಿರ್ತದ, ಥಂಡ್ಯಾಗ ಎಲ್ಲಾರೂ ಅಲ್ಲೇ ಕೂಡಾಕ ಗುದ್ದಾಡ್ತಾರ. ಚಿಂಗಿನೂ ಅಲ್ಲೇ ಮಕ್ಕೊಂಡಿರ್ತದ. ಮೊನ್ನೆ ಶುಕ್ರಾರ ಚಿಂಗಿ ಎದ್ದು ಕುಡದವರಂಗ ತೂರಾಡಿ ಬಿತ್ತು, ಗೊತ್ತೇನು? ಎಲ್ಲಾರೂ ನಕ್ಕಿದ್ದ ನಕ್ಕಿದ್ದು."

"ಚಿಂಗಿ ಅಂದ್ರ?"

"ಬೆಕ್ಕವ್ವಾ. ಹಾಸ್ಟೆಲಿನ ಬೆಕ್ಕು."

ಒಲೆಯ ಮೇಲಿನ ರೊಟ್ಟಿ ಸೀಯಿತು. ಬೆಕ್ಕಿಗೆ ಇವತ್ತು ಯಾವ ವಾರ ಎಂದು ಗೊತ್ತಿರುವುದಿಲ್ಲ. ಅದು ಒಪ್ಪೊತ್ತು ಮಾಡುವುದಿಲ್ಲ, ಅದರ ಮೈಮೇಲೆ ದೇವಿ ಬರುವುದಿಲ್ಲ, ವಾರ್ಡನ್ನಿನ ಮೇಲೆ ಸಿಟ್ಟಿದ್ದರೆ ಪರಚುತ್ತದೆಯೇ ಹೊರತು ಪ್ರತಿಭಟನೆಗಾಗಿ ಮೂರ್ಛೆ ಹೋಗುವುದಿಲ್ಲ. ಐದು ವಿವರಣೆಗಳಲ್ಲಿ ಒಂದಾದರೂ ಬೆಕ್ಕಿಗೆ ಹೊಂದುತ್ತದೆಯೇ ಎಂದು ಹೊಂದಿಸಿ ನೋಡಿದೆ. ಒಂದೂ ಹೊಂದಲಿಲ್ಲ.

ಸೋಮವಾರ ಅವಳಿಗೆ ಅರ್ಧವಾರ್ಷಿಕ ಪರೀಕ್ಷೆ, ಕಳಿಸಲೇಬೇಕಿತ್ತು. ಜಡೆ ಹಾಕುತ್ತ ಹೇಳಿದೆ: "ಮಂಗಳಾರ ಮುಂಜಾನೆ ಪ್ರಾರ್ಥನಾ ಹೊತ್ತಿಗೆ ನಾನ ಬರ್ತೀನಿ. ನಿನ್ನ ಬಾಜೂಕ ಕೂಡ್ತೀನಿ. ಏನ್ ಆಗ್ತದ ನನ್ನ ಕಣ್ಣಿಲೇ ನೋಡ್ತೀನಿ."

"ಖರೇನ?"

"ಖರೇನ."

ಸೋಮವಾರ ನಮ್ಮಲ್ಲಿ ಪಟ್ಟಿಗಳನ್ನು ಪರೀಕ್ಷಿಸುವ ದಿನ. ಐವರೂ ಬಂದು ಹಳೆಯದೊಂದು ಅಭ್ಯಾಸದ ಕಡತ ಕೇಳುತ್ತಾರೆ, ದೀಪಗಳು ಸರಿಯಾಗಿ ಹತ್ತುತ್ತವೆಯೇ ಎಂದು ನಾನು ನೋಡುತ್ತೇನೆ. ಆ ದಿನ ಹಳೆಯ ಕಡತದ ಬದಲು ನಾನೇ ಒಂದು ಘಟನೆ ಬರೆದು ಯಂತ್ರಕ್ಕೆ ಹಾಕಿದೆ: ಕಳೆದ ಹುಣ್ಣಿಮೆಯಂದು ಕೆಲಗೇರಿ ಕೆರೆಯ ದಂಡೆಯಲ್ಲಿ ಮೂವತ್ತೊಂದು ಆಡುಗಳು ಉತ್ತರಕ್ಕೆ ಮುಖ ಮಾಡಿ ಒಂದು ತಾಸು ಅಲುಗಾಡದೆ ನಿಂತಿದ್ದವು.

ಅಂಥದ್ದೇನೂ ನಡೆದಿರಲಿಲ್ಲ. ರೊಟ್ಟಿ ತಿನ್ನುತ್ತ ಕಟ್ಟಿದ ಸುಳ್ಳು ಅದು.

ಅರುಹು ಒಂದು ಕ್ಷಣವೂ ತಡವರಿಸಲಿಲ್ಲ. ಉತ್ತರದಿಂದ ಬೀಸುವ ಗಾಳಿಯ ವಾಸನೆಗೆ ಪ್ರಾಣಿಗಳು ಮುಖ ತಿರುಗಿಸುತ್ತವೆ ಎಂದಿತು. ಆ ದಿಕ್ಕಿನಲ್ಲಿ ಹಿಂದೆ ಉಪ್ಪಿನ ಗಾಡಿಗಳ ದಾರಿಯಿತ್ತು ಎಂದಿತು. ಮೇಯುವ ಜಾಗ ಕಳೆದುಕೊಂಡ ಕುರುಬರ ಕತೆ ಹೇಳಿತು, ಮುಂದಾಳು ಆಡಿನ ಅಂಜಿಕೆಯನ್ನು ವಿವರಿಸಿತು, ಕೊನೆಗೆ ಲವಣದ ಕೊರತೆ ಎಂಬ ಹೆಸರನ್ನೂ ಕೊಟ್ಟಿತು. ಐದು ಹಸಿರು. ಒಂಬತ್ತು ನಿಮಿಷ. ಇತಿಹಾಸದವರು ಪಟ್ಟಿ ಬಿಚ್ಚಿಸಿಕೊಳ್ಳುತ್ತ, "ಎಷ್ಟು ಚಂದ ಕೂಡಿಬಂತು ನೋಡ್ರಿ" ಎಂದರು.

ನೇರ ನಿರ್ದೇಶಕರ ಕೋಣೆಗೆ ಹೋದೆ. ಡಾ. ಅನಿರುದ್ಧ ಇನಾಮದಾರರು ಒಳ್ಳೆಯ ಮನುಷ್ಯ, ಎಂದೂ ದನಿ ಏರಿಸಿದವರಲ್ಲ. ಬೆಕ್ಕು, ಆಡು, ಜೋಡಿಸಿದ್ದನ್ನು ಅಲುಗಾಡಿಸುವ ನಮ್ಮಪ್ಪ, ಎಲ್ಲ ಹೇಳಿದೆ; ಪೂರ್ತಿ ಕೇಳಿಸಿಕೊಂಡರು.

"ಕಸ್ತೂರಿಬಾಯಿ, ಆಡು ಖರೇನ ನಿಂತಿರಬಹುದಲ್ಲ? ನೀವು ನೋಡಿಲ್ಲ ಅಷ್ಟ."

"ಸರ್, ಅದು ನಾ ಹುಟ್ಟಿಸಿದ ಸುಳ್ಳು."

"ಇರಲಿ. ಈ ಸಂಶಯ ನಿಮಗ ಯಾಕ ಬಂತು ಅನ್ನೋದನ್ನ ಅರುಹಿಗೇ ಕೇಳೋಣ. ಕೂಡ್ರಿ."

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಪಟ್ಟಿ ನನ್ನ ಹಣೆಗೆ ಬಂದಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಯಂತ್ರಕ್ಕೆ ಹಾಕಿ ನಿರ್ದೇಶಕರೇ ಕಟ್ಟಿದರು. ಬಿಲ್ಲೆಗಳು ತಣ್ಣಗಿದ್ದವು.

ಅರುಹು ನನ್ನ ಕಿವಿಯ ಹತ್ತಿರವೇ ಮೆಲ್ಲಗೆ ಮಾತಾಡಿತು. ಮಗಳನ್ನು ದೂರ ಇಟ್ಟ ತಾಯಿಗೆ ತಪ್ಪಿತಸ್ಥ ಭಾವ ಇರುತ್ತದೆ ಎಂದಿತು. ಕೆಂಪು. ಇದನ್ನು ಯಾರು ಬೇಕಾದರೂ ಹೇಳಿಯಾರು ಎಂದು ನಾನು ಮನಸ್ಸಿನಲ್ಲೇ ಬೈದೆ. ಅದು ಹಾದಿ ಬದಲಿಸಿತು. ನಿಮ್ಮ ತಂದೆ ಬಡಿಗರು, ಎಂದಿತು. ಜೋಡಿಸಿದ್ದನ್ನು ಅಲುಗಾಡಿಸಿ ನೋಡುವುದನ್ನು ಅವರಿಂದ ಕಲಿತಿರಿ, ಅದು ಒಳ್ಳೆಯ ಗುಣ. ಆದರೆ ಬಿಡದೆ ಅಲುಗಾಡಿಸಿದರೆ ಗಟ್ಟಿ ಕುರ್ಚಿಯೂ ಸಡಿಲವಾಗುತ್ತದೆ. ಹನ್ನೊಂದು ವರ್ಷ ಬೇರೆಯವರ ದೀಪ ನೋಡಿದಿರಿ, ನಿಮ್ಮನ್ನು ಯಾರೂ ಏನೂ ಕೇಳಲಿಲ್ಲ. ಆ ನೋವು ಸಂಶಯವಾಗಿದೆ. ಇನ್ನು ಬೆಕ್ಕು: ಅದಕ್ಕೆ ವಯಸ್ಸಾಗಿದೆ, ಬೆಚ್ಚಗಿನ ನೆಲದಿಂದ ತಟ್ಟನೆ ಎದ್ದರೆ ಮುದಿ ಪ್ರಾಣಿಗಳು ತೂರಾಡುತ್ತವೆ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹೌದು. ಹೌದಲ್ಲ! ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ಕಣ್ಣು ತೆರೆದಾಗ ಎದುರಿನ ದೀಪ ಹಸಿರಾಗಿತ್ತು, ನಿರ್ದೇಶಕರು ನಗುತ್ತಿದ್ದರು. ನನಗೂ ನಗು ಬಂತು. ಅದೆಂಥ ಸುಖ ಎಂದು ಹೇಳಲು ಬರುವುದಿಲ್ಲ. ಪಂಡಿತರು ಅದಕ್ಕೆ ಯಾಕೆ ಬೀಳುತ್ತಾರೆ ಎಂದು ಆಗ ತಿಳಿಯಿತು.

ಮಂಗಳವಾರ ಮುಂಜಾನೆ ನಾನು ವಸತಿಶಾಲೆಗೆ ಹೋಗಲಿಲ್ಲ. ಮರೆತಿರಲಿಲ್ಲ. ಹೋಗುವ ಅಗತ್ಯ ಕಾಣಲಿಲ್ಲ, ಅಷ್ಟೇ. ನೀರು ಕಾಯಿಸಿ, ಸೀಗೆಪುಡಿ ಹಾಕಿ ಎರೆದುಕೊಂಡೆ. ತಲೆಗೆ ಟವೆಲ್ ಸುತ್ತಿ ಚಹಾ ಕುಡಿಯುತ್ತ ಕುಳಿತೆ. ಏಳೂ ಮುಕ್ಕಾಲಿಗೆ ಫೋನು ಬಂತು.

ಅಂದು ಹದಿನಾಲ್ಕು ಹುಡುಗಿಯರು ಬಿದ್ದಿದ್ದರು. ಕೇಂದ್ರದ ಆದೇಶವಿತ್ತಲ್ಲ, ಕಿಟಕಿ ಮುಚ್ಚಿತ್ತು, ವಿಶೇಷ ಗಮನ ಕೊಡದೆ ಪ್ರಾರ್ಥನೆ ಮುಂದುವರಿಸಿದ್ದರು. ಆಸ್ಪತ್ರೆಯಲ್ಲಿ ಇಂಚರಾ ಎಚ್ಚರವಾಗಿದ್ದಳು, ಮುಖ ಬಿಳಿಚಿತ್ತು. ಪಕ್ಕದ ಮಂಚದಲ್ಲಿ ಅವಳ ಗೆಳತಿ ಶಿವಲೀಲಾ ಕಣ್ಣು ಬಿಟ್ಟಿರಲಿಲ್ಲ.

ಇಂಚರಾ ನನ್ನ ಒದ್ದೆ ಕೂದಲನ್ನು ನೋಡಿದಳು. "ನೀ ಬರ್ತೀನಂದಿದ್ದಿ," ಎಂದಳು.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು, "ಆಕ್ಸಿಜನ್ ತೊಂಬತ್ತೆಂಟು ಅದರೀ, ಎಲ್ಲಾ ಸರಿ ಅದ. ಉನ್ಮಾದ ಅಂತ ನಿಮ್ಮ ಕೇಂದ್ರದವರ ಬರದಾರಲ್ಲ, ಈಕಿನೂ ತಾಸಿನ್ಯಾಗ ಎದ್ದು ಕೂಡ್ತಾಳ" ಎಂದು ಶಿವಲೀಲಾಳ ಬೆರಳಿನ ಕ್ಲಿಪ್ ತೋರಿಸಿದರು.

"ಚಿಂಗಿ ಎಲ್ಲಿ?" ಎಂದು ಮಗಳನ್ನು ಕೇಳಿದೆ.

"ಅದು ಏಳಲೇ ಇಲ್ಲವ್ವಾ."

ಆಸ್ಪತ್ರೆಯಿಂದ ವಸತಿಶಾಲೆ ಒಂದು ಮೈಲಿ. ರಿಕ್ಷಾ ಹಿಡಿಯುವ ಬುದ್ಧಿಯೂ ಹೊಳೆಯಲಿಲ್ಲ, ಟವೆಲ್ಲು ಹೆಗಲ ಮೇಲೆ ಹಾಕಿಕೊಂಡೇ ಓಡಿದೆ. ಸಭಾಂಗಣದ ಪೂರ್ವದ ಮೂಲೆಯಲ್ಲಿ ಬೂದು ಬಣ್ಣದ ಬೆಕ್ಕು ನಿದ್ದೆ ಹೋದಂತೆ ಸುತ್ತಿಕೊಂಡು ಸತ್ತಿತ್ತು. ಅದರ ಪಕ್ಕದ ನೆಲ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ನೆಲ ಯಾಕೆ ಬೆಚ್ಚಗಿರಬೇಕು ಎಂದು ಈ ಐದು ವಾರದಲ್ಲಿ ಒಬ್ಬರೂ ಕೇಳಿರಲಿಲ್ಲ.

ಕೆಳಗಿಳಿದರೆ ಬಾಯ್ಲರ್ ಕೋಣೆ. ಮಾಬೂಸಾಬರು ಎಂಬ ಹಿರಿಯರು ಉರಿ ನೋಡಿಕೊಳ್ಳುವವರು, ತಲೆಯ ಮೇಲೆ ಕೈಹೊತ್ತು ಬಾಗಿಲ ಹೊರಗೆ ಕುಳಿತಿದ್ದರು.

"ದಿನಾ ಎಷ್ಟೊತ್ತು ಉರಿ ಹಾಕ್ತೀರಿ, ಸಾಬರ?"

"ಅರ್ಧಾ ತಾಸು ಬಾಯಾರ. ಮಂಗಳಾರ ಶುಕ್ರಾರ ಅಷ್ಟ, ನೂರಾ ಇಪ್ಪತ್ತು ಹುಡುಗ್ಯಾರು ತಲಿಗೆ ಎರಕೋಬೇಕಲ್ರಿ. ಎರಡ ತಾಸು ಬಿಡದಂಗ ಉರೀಬೇಕು."

ನನ್ನ ಹೆಗಲ ಮೇಲಿನ ಒದ್ದೆ ಟವೆಲ್ಲು ತಣ್ಣಗೆ ಬೆನ್ನಿಗೆ ಹತ್ತಿತ್ತು.

"ಹೊಗಿ ಕೊಳವಿ ಎಲ್ಲಿಗೆ ಹೋಗ್ತದ?"

"ಮೊದಲ ಮಾಳಗಿ ಮ್ಯಾಲ ಹೋಗಿತ್ರಿ. ದೀಪಾವಳಿ ಸೂಟ್ಯಾಗ ಸಭಾಂಗಣ ದೊಡ್ಡದು ಮಾಡ್ಯಾರಲ್ಲ, ಆವಾಗ ಕತ್ತರಿಸ್ಯಾರ. ಈಗ ಅದರ ಬಾಯಿ ಗ್ವಾಡಿ ಒಳಗ ಎಲ್ಲೋ ಮುಗೀತದ."

"ಇದನ್ನ ಯಾರಿಗೂ ಹೇಳಲಿಲ್ಲೇನ?"

"ಗುತ್ತಿಗೆದಾರಗ ಹೇಳೀನಿ, ನಡೀತದ ಅಂದ. ಆಮ್ಯಾಲ ಯಾರೂ ಕೇಳಲಿಲ್ರಿ. ಕೇಂದ್ರದಿಂದ ಕಾಗದ ಬಂತು ಅಂದ್ರು. ಮನಷಾ ಯಾರೂ ಬರಲಿಲ್ಲ."

ಸರಿಯಾಗಿ ಉರಿಯದ ಬೆಂಕಿ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂಡಬೇಕಾದ ಜಾಗದಲ್ಲಿ ಅದು ಕುಳಿತುಬಿಡುತ್ತದೆ. ಬೆರಳಿನ ಕ್ಲಿಪ್ಪು ರಕ್ತದ ಬಣ್ಣ ನೋಡಿ ಹೇಳುವಂಥದ್ದು. ಈ ಅನಿಲ ಕುಳಿತ ರಕ್ತವೂ ಕೆಂಪಗೇ ಇರುವುದರಿಂದ ಅದು ತೊಂಬತ್ತೆಂಟು ಎಂದೇ ತೋರಿಸುತ್ತದೆ. ಬೇರೆಯದೇ ರಕ್ತಪರೀಕ್ಷೆ ಮಾಡಬೇಕು. ನಾನು ಏದುಸಿರು ಬಿಡುತ್ತ ಬಂದು ಕೊಳವೆಯ ವಿಷಯ ಹೇಳಿದಾಗ ಡಾಕ್ಟರಮ್ಮನ ಮುಖದ ಬಣ್ಣ ಹೋಯಿತು. ಹದಿನಾಲ್ಕು ಮಂದಿಗೂ ಆಕ್ಸಿಜನ್ ಹಾಕಿಸಿದರು, ರಕ್ತ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬಂತು. ಬೆಕ್ಕು ಹೇಳಿದ್ದೇ ಸರಿಯಾಗಿತ್ತು.

ನನಗೆ ಇಂದಿಗೂ ಉರಿಯುವುದು ಇದು. ಐವರು ಪಂಡಿತರೂ ಧಾರವಾಡದವರೇ. ಅವರ ಮನೆಯ ಹೆಂಗಸರೂ ಅದೇ ಎರಡು ದಿನ ಎರೆದುಕೊಳ್ಳುತ್ತಾರೆ, ಬಚ್ಚಲಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನೀರು ಕಾಯುತ್ತದೆ. ಆದರೂ ಮಂಗಳವಾರ ಶುಕ್ರವಾರ ಎಂದೊಡನೆ ಎಲ್ಲರಿಗೂ ದೇವಿ ನೆನಪಾದಳು, ಬಚ್ಚಲು ನೆನಪಾಗಲಿಲ್ಲ. ನಾನು ಹೆಂಗಸು. ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ನನಗೂ ನೆನಪಾಗಿರಲಿಲ್ಲ.

ಹದಿಮೂರು ಹುಡುಗಿಯರು ನಾಲ್ಕು ದಿನದಲ್ಲಿ ಮನೆಗೆ ಹೋದರು. ಶಿವಲೀಲಾ ಎಂಟನೆಯ ದಿನ ಕಣ್ಣು ಬಿಟ್ಟಳು. ಈಗ ನಡೆಯುತ್ತಾಳೆ, ಊಟ ಮಾಡುತ್ತಾಳೆ. ಮುಂಜಾನೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಇಂಚರಾ ವಾರಕ್ಕೊಮ್ಮೆ ಅವಳ ಮನೆಗೆ ಹೋಗುತ್ತಾಳೆ, ಪ್ರತಿಸಲವೂ ಚಿಂಗಿ ಹೇಗಿದೆ ಎಂದು ಅವಳು ಕೇಳುತ್ತಾಳಂತೆ.

ಕೇಂದ್ರದಲ್ಲಿ ಹೊಸ ಕಡತ ತೆರೆದರು: ಮೊದಲ ವಿವರಣೆ ಯಾಕೆ ತಪ್ಪಿತು? ಅರುಹು ವಿವರಿಸಿತು. ಬಹಳ ವಿನಯದಿಂದ, ಬಹಳ ಚಂದವಾಗಿ, ಪ್ರತಿ ಶಾಸ್ತ್ರಕ್ಕೂ ಅದರದೇ ಮಾತಿನಲ್ಲಿ. ಐದು ಹಸಿರು. ನಾಲ್ಕು ನಿಮಿಷ. ಇಷ್ಟು ಬೇಗ ಇದುವರೆಗೆ ಯಾವ ಕಡತವೂ ಮುಚ್ಚಿರಲಿಲ್ಲ ಎಂದು ನನ್ನ ವಹಿ ಹೇಳುತ್ತದೆ.

ಎಲ್ಲರೂ ಹೋದ ಮೇಲೆ ನಿರ್ದೇಶಕರು ನನ್ನ ಹತ್ತಿರ ಬಂದರು. ಅವರ ಕಣ್ಣು ಕೆಂಪಾಗಿತ್ತು. "ಕಸ್ತೂರಿಬಾಯಿ, ನೀವು ಭಾಳ ಸೊರಗೀರಿ. ಒಮ್ಮೆ ಕೂತು ಕೇಳ್ರಿ. ಆ ದಿನ ನೀವು ಯಾಕ ಹೋಗಲಿಲ್ಲ ಅನ್ನೋದು ತಿಳದ್ರ ಮನಸು ಹಗುರಾಗ್ತದ." ಅವರಲ್ಲಿ ಕೆಡುಕು ಇರಲಿಲ್ಲ, ನನ್ನ ಆಣೆಗೂ ಇರಲಿಲ್ಲ. ಅವರೇ ಪಟ್ಟಿ ಕಟ್ಟಿ ಹೊರಗೆ ಹೋದರು.

ನಾನು ಕುಳಿತೆ. ಯಾಕೆಂದರೆ ನನಗೂ ಬೇಕಾಗಿತ್ತು.

ನೀವು ಹೋಗದಿದ್ದುದು ನಿಮ್ಮ ತಪ್ಪಲ್ಲ, ಎಂದಿತು ಅರುಹು. ಹಿಂದಿನ ದಿನ ನಾನು ನಿಮ್ಮನ್ನು ಸಮಾಧಾನಪಡಿಸಿದ್ದೆ. ಸಮಾಧಾನಗೊಂಡ ಮಿದುಳು ಹುಡುಕುವುದನ್ನು ನಿಲ್ಲಿಸುತ್ತದೆ, ಅದು ದೇಹದ ಗುಣ. ತಪ್ಪು ನನ್ನದು. ಯಾವ ತಾಯಿಯಾದರೂ ಆ ಮುಂಜಾನೆ ಮನೆಯಲ್ಲೇ ಇರುತ್ತಿದ್ದಳು.

ದೀಪ ಹಳದಿಯಾಯಿತು. ಸುಳ್ಳೇನೂ ಇರಲಿಲ್ಲ ಅದರಲ್ಲಿ. ಪ್ರತಿ ಮಾತೂ ಸರಿಯಾಗಿ ಕೂಡುತ್ತಿತ್ತು. ಇನ್ನೊಂದು ವಾಕ್ಯ ಕೇಳಿದ್ದರೆ ಎದೆಯ ಕಲ್ಲು ಮತ್ತೆ ಇಳಿಯುತ್ತಿತ್ತು. ಶಿವಲೀಲಾ ಒಂದು ಕಡತವಾಗಿ ಮುಚ್ಚಿಕೊಳ್ಳುತ್ತಿದ್ದಳು, ನಾನು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ.

ಪಟ್ಟಿಯನ್ನು ಕಿತ್ತು ಮೇಜಿನ ಮೇಲಿಟ್ಟೆ. ವಹಿಯಲ್ಲಿ ಆ ದಿನದ ಸಾಲಿನಲ್ಲಿ ಹೊತ್ತು ಬರೆಯಲಿಲ್ಲ.

ಇಂಚರಾ ಈಗ ಮನೆಯಿಂದಲೇ ಶಾಲೆಗೆ ಹೋಗುತ್ತಾಳೆ. ಬಚ್ಚಲ ಬಾಗಿಲು ತೆರೆದಿಟ್ಟೇ ನೀರು ಕಾಯಿಸುತ್ತೇವೆ. ಕೆಲವು ಮಂಗಳವಾರ ನಾನು ಅವಳ ತಲೆಗೆ ನೀರು ಹಾಕುವಾಗ, ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ.

"ಅವತ್ತು ಯಾಕ ಬರಲಿಲ್ಲವ್ವಾ?"

ಹೇಳಲು ನನ್ನ ಹತ್ತಿರ ಒಂದು ಒಳ್ಳೆಯ ವಿವರಣೆ ಇದೆ. ಮುಕ್ಕಾಲು ಪಾಲು ಕೇಳಿಯೂ ಬಂದಿದ್ದೇನೆ.

"ಬರಬೇಕಿತ್ತು," ಎನ್ನುತ್ತೇನೆ. "ಬರಲಿಲ್ಲ."

ಮತ್ತೆ ಒಂದು ತಂಬಿಗೆ ನೀರು ಹಾಕುತ್ತೇನೆ.